ರಜೆಯ ಒಡೆತನವೆಂಬ ಕನ್ನಡಿಯ ಗಂಟು

ದುಡಿಯುವ ಮನುಷ್ಯನಿಗೆ ಅನ್ನ ನಿದ್ರೆಗಳಷ್ಟೇ ವಿಶ್ರಾಂತಿಯೂ ಅವಶ್ಯಕವೆಂಬುದು ಹೊಸ ಮಾತಲ್ಲ. ಆದರೆ ಮುಂಬಯಿಯಂಥ ಮಹಾನಗರದಲ್ಲಿ ಈ ಹಳೆಯ ಮಾತಿಗೆ ವಿಶೇಷ ಅರ್ಥವಿದೆ. ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಬೆಳಗಿನ ಲೋಕಲ್ ಗಾಡಿಯಲ್ಲಿ ತೂಗಾಡುತ್ತ ಹೊರಟು, ರಾತ್ರಿ ಮಕ್ಕಳು ಮಲಗುವ ಹೊತ್ತಿಗೆ ಮನೆ ಸೇರುವ ಗೃಹಸ್ಥನಿಗೆ ವರ್ಷಕ್ಕೊಂದು ವಾರದ ಬಿಡುವು ವಿಲಾಸವಲ್ಲ, ಔಷಧ. ಹೃದ್ರೋಗದ ಅಪಾಯವಿದ್ದ 12 ಸಾವಿರಕ್ಕೂ ಹೆಚ್ಚು ಮಧ್ಯವಯಸ್ಸಿನ ಪುರುಷರನ್ನು ಅಮೆರಿಕದಲ್ಲಿ ಒಂಬತ್ತು ವರ್ಷಗಳ ಕಾಲ ಗಮನಿಸಿ, 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವರ್ಷವರ್ಷವೂ ತಪ್ಪದೆ ರಜೆಗೆ ಹೋಗುತ್ತಿದ್ದವರಲ್ಲಿ ಮರಣದ ಪ್ರಮಾಣ ಕಡಮೆಯಿದ್ದುದು ಕಂಡುಬಂತು. ರಜೆಗೆ ಹೋಗಬಲ್ಲವರು ಮೊದಲೇ ಆರೋಗ್ಯವಂತರೂ ಅನುಕೂಲಸ್ಥರೂ ಆಗಿರಬಹುದಾದುದರಿಂದ ರಜೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೂ ಬಿಡುವಿಲ್ಲದ ದುಡಿಮೆ ದೇಹಕ್ಕೆ ಒಗ್ಗದೆಂಬ ಅನುಭವದ ಮಾತಿಗೆ ಇದು ಬಲ ಕೊಡುತ್ತದೆ.

ಈ ಅವಶ್ಯಕತೆಯನ್ನೇ ಬಂಡವಾಳ ಮಾಡಿಕೊಂಡು ಬೆಳೆದ ವ್ಯಾಪಾರವೇ ಟೈಮ್‌ಶೇರ್, ಎಂದರೆ ಕಾಲದ ಪಾಲು. ಮಧ್ಯಮ ವರ್ಗದ ಅನೇಕ ಕನ್ನಡಿಗ ಕುಟುಂಬಗಳು ಇದರಲ್ಲಿ ಲಕ್ಷಗಟ್ಟಲೆ ಹಣ ತೊಡಗಿಸಿವೆ. ಹಣ ಕೊಟ್ಟು 'ಮಾಲೀಕ'ರಾದ ಮೇಲೆ, ತಮ್ಮದೇ ರಜೆಯನ್ನು ಪಡೆಯಲು ಅವರು ಪಡುವ ಪಾಡು ಮಾತ್ರ ಹೇಳತೀರದು. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆ ಅವರ ವಿಷಯದಲ್ಲಿ ಅಕ್ಷರಶಃ ನಿಜವಾಗಿದೆ. ಈ ವ್ಯವಹಾರದ ಲೆಕ್ಕಾಚಾರವನ್ನು ಬಿಡಿಸಿ ನೋಡುವುದು ಕೊಳ್ಳಲಿರುವವರಿಗೂ ಈಗಾಗಲೇ ಕೊಂಡವರಿಗೂ ಹಿತಕರವಾದೀತು.

ಕಾಲದ ಪಾಲು ಬಂದ ಬಗೆ

ಈ ಕಲ್ಪನೆ ಹುಟ್ಟಿದ್ದು 1960ರ ದಶಕದ ಯುರೋಪಿನಲ್ಲಿ. ಸ್ವಿಟ್ಜರ್ಲೆಂಡಿನ ಹಪಿಮಾಗ್ ಸಂಸ್ಥೆ 1963ರಲ್ಲಿ ಆರಂಭವಾಯಿತು. ಬೆಟ್ಟದ ಊರಿನಲ್ಲಿ ಸ್ವಂತ ಮನೆ ಕಟ್ಟಿಸಿ ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಡುವುದಕ್ಕಿಂತ, ಹಲವರು ಕೂಡಿ ಒಂದು ಮನೆಯ ವೆಚ್ಚ ಭರಿಸಿ ತಮ್ಮ ತಮ್ಮ ವಾರವನ್ನು ಅನುಭವಿಸುವುದು ಜಾಣತನವೆಂಬುದೇ ಇದರ ಮೂಲತತ್ತ್ವ. ಒಂದೇ ಸ್ಥಳಕ್ಕೆ ಹೋಗಿ ಬೇಸತ್ತವರು ತಮ್ಮ ವಾರಗಳನ್ನು ಪರಸ್ಪರ ಬದಲಾಯಿಸಿಕೊಳ್ಳಲೆಂದು 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಎಂಬ ವಿನಿಮಯ ಸಂಸ್ಥೆಯೂ ತಲೆಯೆತ್ತಿತು.

ಭಾರತಕ್ಕೆ ಈ ಪದ್ಧತಿ ಕಾಲಿಟ್ಟದ್ದು 1980ರ ದಶಕದಲ್ಲಿ. ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ 1986ರಲ್ಲಿ ಸ್ಥಾಪನೆಗೊಂಡಿತು. ಮಹೀಂದ್ರಾ ಹಾಲಿಡೇಸ್ 1996ರಲ್ಲಿ. ಊಟಿ, ಕೊಡೈಕೆನಾಲ್, ಮುನ್ನಾರ್, ಗೋವಾ, ಮಡಿಕೇರಿ ಮುಂತಾದೆಡೆಗಳಲ್ಲಿ ವಿಹಾರಧಾಮಗಳು ಎದ್ದವು. ಇಪ್ಪತ್ತೈದು ವರ್ಷಗಳ ಕಾಲ ವರ್ಷಕ್ಕೆ ಏಳು ರಾತ್ರಿಗಳ ವಾಸ ಎಂಬುದು ಇಲ್ಲಿ ಹೆಚ್ಚು ಬಳಕೆಗೆ ಬಂದ ಕರಾರು.

ಮಾರಾಟದ ವಿಧಾನವನ್ನು ಮುಂಬಯಿಗರಿಗೆ ವಿವರಿಸಬೇಕಾದುದಿಲ್ಲ. ಮಾಲಿನಲ್ಲೋ ಪೆಟ್ರೋಲ್ ಪಂಪಿನಲ್ಲೋ ಹೆಸರು ಬರೆದು ಹಾಕಿದ ಚೀಟಿಗೆ 'ಬಹುಮಾನ' ಬಂದಿದೆಯೆಂಬ ದೂರವಾಣಿ ಕರೆ. ಗಂಡಹೆಂಡತಿ ಜೊತೆಗೂಡಿಯೇ ಬರಬೇಕೆಂಬ ಷರತ್ತು. ಹೋಟೆಲಿನ ಸಭಾಂಗಣದಲ್ಲಿ ತಂಪು ಪಾನೀಯ, ಮಂಜಿನ ಬೆಟ್ಟಗಳ ಚಿತ್ರ, ಎರಡು ಮೂರು ಗಂಟೆಗಳ ಎಡೆಬಿಡದ ಮಾತು. ಕೊನೆಗೆ 'ಈ ದರ ಇಂದು ಮಾತ್ರ' ಎಂಬ ಒತ್ತಾಯ. ಮಕ್ಕಳ ಮುಖ ನೋಡಿ ತಂದೆ ಸಹಿ ಹಾಕುತ್ತಾನೆ. ಬ್ಯಾಂಕಿನಲ್ಲಿ ಹತ್ತು ಸಾವಿರ ರೂಪಾಯಿಯ ಠೇವಣಿ ಇಡಲು ನಾಲ್ಕು ಕಡೆ ಬಡ್ಡಿ ವಿಚಾರಿಸುವ ಅದೇ ಮನುಷ್ಯ, ಇಲ್ಲಿ ನಾಲ್ಕು ಲಕ್ಷ ರೂಪಾಯಿಗೆ ಕಾಲು ಗಂಟೆಯಲ್ಲಿ ಒಪ್ಪಿಗೆ ಕೊಟ್ಟುಬಿಡುವುದು ಆಶ್ಚರ್ಯವೇ ಸರಿ.

ಕೊಂಡದ್ದು ಕೋಣೆಯಲ್ಲ, ಸರದಿ

ಕಾಯ್ದಿರಿಸುವ ಸಂದರ್ಭ ಬಂದಾಗಲೇ ಅಸಲು ಕಥೆ ಆರಂಭವಾಗುವುದು. ದೀಪಾವಳಿಯ ವಾರಕ್ಕೆಂದು ಕೇಳಿದರೆ ಕೋಣೆ ಇಲ್ಲ. ಮೇ ತಿಂಗಳಿಗೆಂದರೆ ನಿರೀಕ್ಷಣಾ ಪಟ್ಟಿ. ಏಳು ರಾತ್ರಿ ಒಟ್ಟಿಗೆ ಸಿಗದು, ಎರಡು ರಾತ್ರಿ ಒಂದೆಡೆ, ಮೂರು ರಾತ್ರಿ ಇನ್ನೊಂದೆಡೆ. ಮಡಿಕೇರಿ ಕೇಳಿದವರಿಗೆ ರಾಜಸ್ಥಾನದಲ್ಲಿ ಜಾಗವಿದೆಯೆಂಬ ಉತ್ತರ, ಅದೂ ಬೇಸಿಗೆಯಲ್ಲಿ! ಕಾಯ್ದಿರಿಸುವಿಕೆ ಆರಂಭವಾಗುವ ದಿನವೇ ಕಂಪ್ಯೂಟರಿನ ಮುಂದೆ ಕುಳಿತರೂ ಫಲ ಅಷ್ಟಕ್ಕಷ್ಟೇ. ಇದೇಕೆ ಹೀಗೆ? ಕಂಪೆನಿಯವರು ಮೋಸ ಮಾಡುತ್ತಿರುವರೇ? ಮೋಸವಿರಲಿ ಇಲ್ಲದಿರಲಿ, ಫಲಿತಾಂಶ ಹೀಗೆಯೇ ಆಗಬೇಕಾದುದನ್ನು ಸರಳ ಗಣಿತವೇ ತೋರಿಸಿಕೊಡುತ್ತದೆ.

ಒಂದು ಕೋಣೆಗೆ ವರ್ಷದಲ್ಲಿ 52 ವಾರ. ಸುಣ್ಣಬಣ್ಣ, ದುರಸ್ತಿಗೆ ಎರಡು ವಾರ ಬಿಟ್ಟರೆ 50 ವಾರ. ಆದುದರಿಂದ ಒಂದು ಕೋಣೆಗೆ 50 ಸದಸ್ಯರನ್ನು ಸೇರಿಸಿಕೊಳ್ಳುವ ಕಂಪೆನಿ ಪೂರ್ಣ ಪ್ರಾಮಾಣಿಕವೆಂದೇ ಒಪ್ಪಬೇಕು. ಒಬ್ಬೊಬ್ಬರಿಗೆ ಒಂದೊಂದು ವಾರ ಇದ್ದೇ ಇದೆ. ಆದರೆ ಮುಂಬಯಿಯ ಶಾಲೆಗಳಿಗೆ ರಜೆ ಯಾವಾಗ? ದೀಪಾವಳಿಗೆ ಎರಡು ಮೂರು ವಾರ, ಕ್ರಿಸ್ಮಸ್ಸಿಗೆ ಒಂದು ವಾರ, ಬೇಸಿಗೆಗೆ ಆರೇಳು ವಾರ. ಒಟ್ಟು ಸುಮಾರು 10 ವಾರ. ಮಕ್ಕಳಿರುವ 50 ಕುಟುಂಬಗಳು ಈ 10 ವಾರಗಳಿಗಾಗಿಯೇ ಕೈಚಾಚಿದರೆ ಒಂದು ವಾರಕ್ಕೆ ಐದು ಕುಟುಂಬಗಳು ಸಾಲಿನಲ್ಲಿ ನಿಲ್ಲುತ್ತವೆ. ಒಬ್ಬರಿಗೆ ಸಿಗುತ್ತದೆ, ನಾಲ್ವರು ನಿರಾಶರಾಗುತ್ತಾರೆ. ಉಳಿದ 40 ವಾರ ಕೋಣೆಗಳು ಖಾಲಿಯಿದ್ದರೂ ಆ ನಾಲ್ವರಿಗೆ ಪ್ರಯೋಜನವಿಲ್ಲ, ಏಕೆಂದರೆ ಆಗ ಮಕ್ಕಳಿಗೆ ಪರೀಕ್ಷೆ, ತಂದೆಗೆ ಕಚೇರಿ.

ಮೊದಮೊದಲು ಯುರೋಪಿನಲ್ಲಿ 'ನಿಮ್ಮದು ಇಂತಿಷ್ಟನೆಯ ವಾರ' ಎಂದು ಗೊತ್ತುಪಡಿಸಿಯೇ ಮಾರುತ್ತಿದ್ದುದುಂಟು. ಬೇಡಿಕೆಯ ವಾರಕ್ಕೆ ಹೆಚ್ಚು ಬೆಲೆ, ಮಳೆಯ ವಾರಕ್ಕೆ ಕಡಮೆ ಬೆಲೆ; ಆದರೆ ಕೊಂಡ ವಾರ ಖಂಡಿತ. ಇಲ್ಲಿ ಹೆಚ್ಚಾಗಿ ಮಾರಾಟವಾದದ್ದು ತೇಲುವ ವಾರ. ಕೆಲವು ಯೋಜನೆಗಳಲ್ಲಿ ಹಂಗಾಮುಗಳಿಗೆ ನೇರಳೆ, ಕೆಂಪು, ಬಿಳಿ, ನೀಲಿ ಎಂದು ಬಣ್ಣಗಳ ಹೆಸರಿಟ್ಟು ಬೆಲೆ ಬೇರೆಬೇರೆ ಮಾಡಿದ್ದಾರೆ. ದುಬಾರಿ ಬಣ್ಣ ಕೊಂಡವನು ಆ ಹಂಗಾಮಿನಲ್ಲಿ ಬೇಡಿಕೆ ಸಲ್ಲಿಸುವ ಹಕ್ಕನ್ನು ಕೊಂಡನೇ ಹೊರತು, ತನ್ನ ಮಗಳ ಶಾಲೆಗೆ ರಜೆಯಿರುವ ವಾರವನ್ನು ಕೊಳ್ಳಲಿಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅವನು ಕೊಂಡದ್ದು ಕೋಣೆಯನ್ನಲ್ಲ, ಸರದಿಯ ಸಾಲಿನಲ್ಲಿ ನಿಲ್ಲುವ ಹಕ್ಕನ್ನು. ಆ ಸಾಲಿನ ಲೆಕ್ಕದ ಪುಸ್ತಕವಾದರೋ ಮಾರಿದವರ ಕೈಯಲ್ಲಿಯೇ ಇದೆ.

ಬ್ಯಾಂಕೂ ಎಲ್ಲ ಠೇವಣಿದಾರರ ಹಣವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತಿರುವುದಿಲ್ಲ. ಎಲ್ಲರೂ ಒಂದೇ ದಿನ ಹಣ ಕೇಳಲು ಬರುವುದಿಲ್ಲವೆಂಬ ನಂಬಿಕೆಯ ಮೇಲೆ ಅದು ನಡೆಯುತ್ತದೆ. ಆ ನಂಬಿಕೆ ಕೆಡದಂತೆ ಮೀಸಲು ನಿಧಿಯ ನಿಯಮವಿದೆ, ತಪಾಸಣೆಯಿದೆ, ಮೇಲೆ ರಿಸರ್ವ್ ಬ್ಯಾಂಕಿದೆ. ಟೈಮ್‌ಶೇರಿನಲ್ಲಿ ಎಲ್ಲರೂ ಒಂದೇ ದಿನ ಬರುವುದು ನಿಶ್ಚಿತ. ಆದರೆ ಮೀಸಲಿನ ನಿಯಮವಿಲ್ಲ, ರಿಸರ್ವ್ ಬ್ಯಾಂಕಿನಂಥ ನಿಯಂತ್ರಕರೂ ಇಲ್ಲ. ಭಾರತದಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾಯ್ದೆ ಆಗಿಲ್ಲ. ಸದಸ್ಯರಿಗೆ 'ಜಾಗವಿಲ್ಲ' ಎಂದ ದಿನಾಂಕಗಳಿಗೇ ಹೊರಗಿನ ಗಿರಾಕಿಗಳಿಗೆ ಬಾಡಿಗೆಯ ಮೇಲೆ ಕೋಣೆ ದೊರೆಯುತ್ತದೆಂಬ ದೂರು ಸದಸ್ಯರ ಬಾಯಲ್ಲಿ ಪದೇಪದೇ ಕೇಳಿಬರುವುದಕ್ಕೂ ಈ ಕೊರತೆಯೇ ಕಾರಣ. ದೂರು ನಿಜವೋ ಸುಳ್ಳೋ ನಿರ್ಧರಿಸಲು ಲೆಕ್ಕ ಹೊರಗೆ ಬಂದರಲ್ಲವೇ?

ರೈಲಿನ ತಿಥಿ, ಕೋಣೆಯ ತಿಥಿ

ಅಂತೂ ಕೋಣೆ ಸಿಕ್ಕಿತೆನ್ನಿ. ಆಗ ಮುಂಬಯಿ ಕನ್ನಡಿಗನಿಗೆ ಎರಡನೆಯ ಪರೀಕ್ಷೆ ಎದುರಾಗುತ್ತದೆ. ರೈಲ್ವೆಯವರು ಮುಂಗಡ ಟಿಕೇಟಿನ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದು 2024ರ ನವೆಂಬರ್ 1ರಿಂದ. ರಜೆಯ ವಾರದ ಕೋಣೆಯನ್ನಾದರೋ ಅದಕ್ಕಿಂತ ಎಷ್ಟೋ ಮೊದಲೇ ಹಿಡಿಯಬೇಕು. ಕೋಣೆ ಹಿಡಿದು ಕುಳಿತವನು ಅರುವತ್ತನೆಯ ದಿನ ಬೆಳಿಗ್ಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೋ ಉದ್ಯಾನ್ ಎಕ್ಸ್‌ಪ್ರೆಸ್ಸಿಗೋ ಪ್ರಯತ್ನಿಸಿ, ಕೆಲವೇ ನಿಮಿಷಗಳಲ್ಲಿ ನಿರೀಕ್ಷಣಾ ಪಟ್ಟಿಗೆ ಬಿದ್ದರೆ ಏನು ಮಾಡಬೇಕು? ಕೋಣೆ ಬಿಟ್ಟುಕೊಟ್ಟರೆ ರಾತ್ರಿಗಳು ಕಡಿತವಾಗುವ ಭಯ. ವಿಮಾನವೇರಿದರೆ ನಾಲ್ವರ ಪ್ರಯಾಣಕ್ಕೆ ತಗಲುವ ಹಣ 'ಉಚಿತ' ವಾಸದ ಉಳಿತಾಯವನ್ನು ನುಂಗಿಹಾಕುತ್ತದೆ. ಕೊಡಗಿಗೆ ರೈಲೇ ಇಲ್ಲ. ಮಂಗಳೂರಿನಿಂದಲೋ ಮೈಸೂರಿನಿಂದಲೋ ಬಾಡಿಗೆ ಕಾರು ಬೇರೆ.

ಇನ್ನೊಂದು ತೊಡಕು ಮನೆಯ ಹಿರಿಯರದು. ಈ ಕೋಣೆಗಳ ಅಳತೆ ಗಂಡ, ಹೆಂಡತಿ, ಎರಡು ಮಕ್ಕಳು ಎಂಬ ಚಿಕ್ಕ ಸಂಸಾರದ ಅಳತೆ. ಮುಂಬಯಿ ಮನೆಯಲ್ಲಿ ಅಜ್ಜಿ ಇದ್ದಾರೆ, ಊರಿನಿಂದ ಬಂದ ಅತ್ತೆ ಮಾವ ಇದ್ದಾರೆ. ಅವರನ್ನು ಬಿಟ್ಟುಹೋದರೆ ಮನಸ್ಸಿಗೆ ನೆಮ್ಮದಿಯಿಲ್ಲ. ಕರೆದೊಯ್ದರೆ ಹೆಚ್ಚುವರಿ ಹಾಸಿಗೆಗೆ, ಊಟಕ್ಕೆ, ತಿಂಡಿಗೆ ಬೇರೆ ಬೇರೆ ಬಿಲ್ಲು. ವಾಸ ಮಾತ್ರ ಕರಾರಿನಲ್ಲಿದೆ, ಅನ್ನವಿಲ್ಲ ಎಂಬುದು ಬಹಳ ಮಂದಿಗೆ ಅರಿವಾಗುವುದು ಹೊರಡುವ ದಿನದ ಬಿಲ್ಲಿನಲ್ಲಿ.

ಲೆಕ್ಕದ ಕನ್ನಡಿಯಲ್ಲಿ

'ಇಂದಿನ ದರದಲ್ಲಿ ನಾಳಿನ ರಜೆ' ಎಂಬುದು ಮಾರಾಟಗಾರರ ಪ್ರಿಯವಾದ ವಾದ. ಅದನ್ನು ಉದಾಹರಣೆಯೊಂದರಿಂದ ಪರಿಶೀಲಿಸಬಹುದು. ಸದಸ್ಯತ್ವದ ಬೆಲೆ 4 ಲಕ್ಷ ರೂಪಾಯಿ, ಅವಧಿ 25 ವರ್ಷ, ತೆರಿಗೆ ಸೇರಿ ವಾರ್ಷಿಕ ನಿರ್ವಹಣಾ ಶುಲ್ಕ 20,000 ರೂಪಾಯಿ ಎಂದಿಟ್ಟುಕೊಂಡರೆ ಮೇಲ್ನೋಟಕ್ಕೆ ವರ್ಷದ ವೆಚ್ಚ 36,000 ರೂಪಾಯಿಯೆಂದು ತೋರುತ್ತದೆ. ಆದರೆ ಆ 4 ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ತೊಡಗಿಸಿದ್ದರೆ, ಅಸಲು ಬಡ್ಡಿ ಎರಡೂ ಸೇರಿ 25 ವರ್ಷಗಳ ಕಾಲ ವರ್ಷಕ್ಕೆ ಸುಮಾರು 34,300 ರೂಪಾಯಿ ಕೈಗೆ ಬರುತ್ತಿತ್ತು. ಇದಕ್ಕೆ ಶುಲ್ಕ ಕೂಡಿಸಿದರೆ ನಿಜವಾದ ವೆಚ್ಚ 54,300 ರೂಪಾಯಿ. ಏಳು ರಾತ್ರಿಗೆ ಹಂಚಿದರೆ ರಾತ್ರಿಯೊಂದಕ್ಕೆ ಸುಮಾರು 7,750 ರೂಪಾಯಿ. ಕೋಣೆ ಸಿಗದೆ ಎರಡು ವರ್ಷಕ್ಕೊಮ್ಮೆ ಮಾತ್ರ ಏಳು ರಾತ್ರಿ ಕಳೆದವನಿಗೆ ಅದೇ ಕೋಣೆ ರಾತ್ರಿಗೆ 15,500 ರೂಪಾಯಿ. ಶುಲ್ಕವೂ ಇಪ್ಪತ್ತೈದು ವರ್ಷ ಇದ್ದಲ್ಲೇ ಇರುವುದಿಲ್ಲ, ಏರುತ್ತ ಹೋಗುತ್ತದೆ.

ಶುಲ್ಕದ ಗುಣವೂ ವಿಚಿತ್ರ. ಕೋಣೆ ಸಿಗಲಿ ಸಿಗದಿರಲಿ ಅದನ್ನು ಕಟ್ಟಲೇಬೇಕು. ಕಟ್ಟದಿದ್ದರೆ ಕೋಣೆ ಕೇಳುವಂತಿಲ್ಲ. ಬಳಸದ ರಾತ್ರಿಗಳು ಮುಂದಿನ ವರ್ಷಕ್ಕೆ ಸೇರುತ್ತವೆಂಬ ಸಮಾಧಾನ ಕೆಲವು ಯೋಜನೆಗಳಲ್ಲಿದೆಯಾದರೂ, ಈ ವರ್ಷ ದೀಪಾವಳಿಗೆ ಸಿಗದ ಕೋಣೆ ಬರುವ ವರ್ಷದ ದೀಪಾವಳಿಗೆ ಹೇಗೆ ಸಿಕ್ಕೀತು? ಸಾಕೆನಿಸಿ ಮಾರಹೊರಟರೆ ಕೊಳ್ಳುವವರಿಲ್ಲ. ಮನೆ, ಚಿನ್ನ, ಷೇರುಗಳಿಗಿರುವಂತೆ ಇದಕ್ಕೆ ಪೇಟೆಯಿಲ್ಲ. ಪೇಟೆಯಿಲ್ಲದ ಇಂಥ ವಸ್ತುವನ್ನು ಬೇಕೆಂದಾಗ ಮಾರಬಹುದಾದ ಆಸ್ತಿಯೆಂದು ಎಣಿಸುವಂತಿಲ್ಲ. ಅದು ಮುಂಗಡವಾಗಿ ಕೊಟ್ಟ ಬಾಡಿಗೆ, ಅಷ್ಟೇ.

ಮುಂಬಯಿ ಕಂಡ ಪಾಠ

ಇದೇ ನಗರದಲ್ಲಿ ನೆಲೆಸಿದ್ದ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪೆನಿಯ ಪ್ರಕರಣವನ್ನು ಇಲ್ಲಿ ನೆನೆಯುವುದು ಅವಶ್ಯಕ. ಹೋಟೆಲು ಕೋಣೆಗಳ ರಾತ್ರಿಗಳನ್ನು ಮಾರುತ್ತೇವೆಂದು ಆ ಕಂಪೆನಿ ಹಣ ಸಂಗ್ರಹಿಸಿತು. ರಾತ್ರಿಗಳನ್ನು ಬಳಸದವರಿಗೆ ಅವಧಿಯ ಕೊನೆಯಲ್ಲಿ ಹೆಚ್ಚಿನ ಮೊತ್ತ ಕೊಡುವ ಆಸೆಯನ್ನೂ ತೋರಿಸಿತು. ಇದು ವಿಹಾರದ ಯೋಜನೆಯಲ್ಲ, ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆಯ ಯೋಜನೆ ಎಂದು ಬಂಡವಾಳ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2014ರಲ್ಲಿ ಮಧ್ಯಂತರ ಆದೇಶ ಹೊರಡಿಸಿ ಹಣ ಸಂಗ್ರಹವನ್ನು ತಡೆಯಿತು. 2016ರ ಫೆಬ್ರವರಿಯಲ್ಲಿ, 50 ಲಕ್ಷಕ್ಕೂ ಮಿಕ್ಕಿದ ಜನರಿಂದ ಪಡೆದ ಸುಮಾರು 7,035 ಕೋಟಿ ರೂಪಾಯಿಯನ್ನು ಹಿಂದಿರುಗಿಸಬೇಕೆಂದು ಆಜ್ಞಾಪಿಸಿತು. ಹಣ ಹಾಕಿದವರಲ್ಲಿ ಬಹುಮಂದಿ ಸಾಮಾನ್ಯ ಉಳಿತಾಯಗಾರರು.

ನಿಜವಾದ ಟೈಮ್‌ಶೇರ್ ಕಂಪೆನಿಗಳನ್ನು ಈ ಪ್ರಕರಣದೊಡನೆ ಸಮೀಕರಿಸುವುದು ನ್ಯಾಯವಲ್ಲ. ವಿಹಾರಧಾಮಗಳನ್ನು ಕಟ್ಟಿ, ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿರುವ ಕಂಪೆನಿಗಳಿವೆ; ತೃಪ್ತರಾದ ಸದಸ್ಯರೂ ಇದ್ದಾರೆ. ಆದರೆ 'ರಜೆ' ಮತ್ತು 'ಲಾಭ' ಎಂಬೆರಡು ಮಾತುಗಳು ಒಂದೇ ಕರಪತ್ರದಲ್ಲಿ ಕಾಣಿಸಿಕೊಂಡಾಗ ಜಾಗರೂಕರಾಗಬೇಕೆಂಬುದೇ ಇದರ ಪಾಠ.

ಕಾಯುವ ಸುಖ, ಕಾಯುವ ಸಂಕಟ

ಆರೋಗ್ಯದ ದೃಷ್ಟಿಯಿಂದಲೂ ಈ ವಿಷಯ ವಿಚಾರಾರ್ಹವಾಗಿದೆ. ನೆದರ್ಲೆಂಡಿನಲ್ಲಿ 1,530 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯವಾದ ಸಂಗತಿಯನ್ನು ಹೊರಗೆಡಹಿತು. ರಜೆಗೆ ಹೊರಡುವವರು ಇತರರಿಗಿಂತ ಹೆಚ್ಚು ಸಂತೋಷದಿಂದಿದ್ದುದು ರಜೆಗೆ ಮುಂಚೆ. ಹಿಂದಿರುಗಿದ ಮೇಲೆ, ಬಹಳ ನೆಮ್ಮದಿಯ ರಜೆ ಕಳೆದವರನ್ನು ಬಿಟ್ಟರೆ, ಉಳಿದವರಿಗೂ ರಜೆಗೆ ಹೋಗದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಂದರೆ ರಜೆಯ ಸುಖದ ದೊಡ್ಡ ಪಾಲು ಅದನ್ನು ಎದುರುನೋಡುವುದರಲ್ಲಿಯೇ ಇದೆ. ಪೆಟ್ಟಿಗೆ ತುಂಬುವ ಮೊದಲೇ ಮನಸ್ಸು ಬೆಟ್ಟವನ್ನೇರಿರುತ್ತದೆ.

ಹೀಗಿರುವಾಗ, ಈ ಎದುರುನೋಡುವ ಕಾಲವನ್ನೇ ನಿರೀಕ್ಷಣಾ ಪಟ್ಟಿಯ ಆತಂಕವನ್ನಾಗಿ ಮಾರ್ಪಡಿಸುವ ವ್ಯವಸ್ಥೆ ರಜೆಯ ಗುಣವನ್ನು ಅರ್ಧಕ್ಕೆ ಇಳಿಸುತ್ತದೆ. ದೂರವಾಣಿಯಲ್ಲಿ ಗಂಟೆಗಟ್ಟಲೆ ಕಾಯುವಿಕೆ, 'ಹಣ ಕೊಟ್ಟದ್ದಕ್ಕಾದರೂ ಹೋಗಲೇಬೇಕು' ಎಂಬ ಹಟ, ಗಂಡಹೆಂಡಿರಲ್ಲಿ 'ನೀನೇ ಸಹಿ ಹಾಕು ಎಂದೆ' ಎಂಬ ವಾಗ್ವಾದ, ಇವು ರಕ್ತದೊತ್ತಡ ಇಳಿಸುವ ಸಾಧನಗಳಲ್ಲ. ವಿಶ್ರಾಂತಿ ವಸೂಲಿಯ ಬಾಬತ್ತಾದ ಕೂಡಲೇ ವಿಶ್ರಾಂತಿಯಾಗಿ ಉಳಿಯುವುದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ಸರಕಾರ ಈ ವ್ಯಾಪಾರಕ್ಕೊಂದು ಕಾಯ್ದೆ ಮಾಡಬೇಕು. ಪ್ರತಿ ಹಂಗಾಮಿನಲ್ಲಿ ಎಷ್ಟು ಕೋಣೆಗಳಿಗೆ ಎಷ್ಟು ಸದಸ್ಯರು, ಎಷ್ಟು ಬೇಡಿಕೆ ಬಂತು, ಎಷ್ಟು ಈಡೇರಿತು, ಹೊರಗಿನವರಿಗೆ ಎಷ್ಟು ಕೊಡಲಾಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸುವುದು ಕಡ್ಡಾಯವಾಗಬೇಕು. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದಂತೆ ಅಲ್ಲಿಯ ಗ್ರಾಹಕ ಸಹಿ ಹಾಕಿದ 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದೆ ಸರಿಯಬಹುದು. ಇಲ್ಲಿ ಕೆಲವು ಕಂಪೆನಿಗಳು ತಾವಾಗಿಯೇ ಇಂಥ ಅವಧಿ ಕೊಟ್ಟಿವೆಯಾದರೂ ಅದು ಅವುಗಳ ಔದಾರ್ಯ, ಕಾನೂನಿನ ಹಕ್ಕಾಗಬೇಕು.

ಎರಡನೆಯದಾಗಿ, ಕೊಳ್ಳಲಿರುವವರು ಸಭಾಂಗಣದಲ್ಲಿ ಸಹಿ ಹಾಕಬಾರದು. ಕರಾರುಪತ್ರವನ್ನು ಮನೆಗೆ ತಂದು ಓದಬೇಕು. ಶಾಲೆಯ ರಜೆಯ ವಾರ ಖಚಿತವೇ, ವಾರ್ಷಿಕ ಶುಲ್ಕದ ಏರಿಕೆಗೆ ಮಿತಿಯಿದೆಯೇ, ಹಿಂದೆ ಸರಿಯುವ ಅವಧಿ ಎಷ್ಟು, ಬಿಟ್ಟುಹೋದರೆ ಮರಳುವ ಹಣವೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಬಾಯಿಮಾತಿನ ಭರವಸೆಗೆ ಕಾಗದದ ಮೇಲೆ ಬೆಲೆಯಿಲ್ಲ.

ಮೂರನೆಯದಾಗಿ, ಈಗಾಗಲೇ ಸದಸ್ಯರಾದವರು ಕೈಕಟ್ಟಿ ಕೂರಬೇಕಾದುದಿಲ್ಲ. ಪ್ರತಿಯೊಂದು ಬೇಡಿಕೆಯನ್ನೂ ನಿರಾಕರಣೆಯನ್ನೂ ಬರವಣಿಗೆಯಲ್ಲಿ ದಾಖಲಿಸಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪೆನಿಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕೆಂಬುದನ್ನು ಮಾತ್ರ ಮರೆಯಬಾರದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇನ್ನು, ಶಾಲೆಯ ಪಂಚಾಂಗದಿಂದ ಬಿಡುಗಡೆ ಹೊಂದಿದ ನಿವೃತ್ತ ದಂಪತಿಗಳಿಗೆ ಈ ಸದಸ್ಯತ್ವದ ಪೂರ್ಣ ಫಲ ದೊರೆಯುವುದುಂಟು. ಜನವರಿಯ ಕೊನೆಯ ಕೊಡಗು, ಜುಲೈಯ ಹಸುರು ಘಟ್ಟ ಅವರಿಗಾಗಿಯೇ ಖಾಲಿಯಿರುತ್ತವೆ. ಮಗ ಕೊಂಡ ವಾರವನ್ನು, ನಿಯಮ ಅನುಮತಿಸುವುದಾದರೆ, ತಂದೆತಾಯಿ ಅನುಭವಿಸಲಿ. ಹಣವೂ ಸಾರ್ಥಕ, ಮನಸ್ಸೂ ಸಾರ್ಥಕ.

ಕೊನೆಯದಾಗಿ, ಮುಂಬಯಿಯಲ್ಲೇ ಬೆಳೆದ ಹಳೆಯ ಸಂಪ್ರದಾಯವೊಂದರ ಕಡೆಗೆ ಕನ್ನಡ ಸಂಘಗಳು ದೃಷ್ಟಿ ಹರಿಸಬೇಕು. ಲೋಣಾವಳ, ದೇವಳಾಲಿಗಳಲ್ಲಿ ಪಾರಸಿ, ಗುಜರಾತಿ ಮೊದಲಾದ ಸಮಾಜಗಳ ದಾನಿಗಳು ಕಟ್ಟಿಸಿದ ಸ್ಯಾನಿಟೋರಿಯಮ್ಮುಗಳು ಹವಾ ಬದಲಾವಣೆಗೆಂದು ಬಂದ ಕುಟುಂಬಗಳಿಗೆ ಅಲ್ಪ ಬಾಡಿಗೆಗೆ ಕೋಣೆ ಕೊಡುತ್ತಿದ್ದವು. ಬ್ಯಾಂಕು, ಜೀವವಿಮೆಯ ನೌಕರರಿಗೆ ಇಂದಿಗೂ ಹಾಲಿಡೇ ಹೋಮ್‌ಗಳಿವೆ. ಅಲ್ಲಿಯೂ ಸರದಿಯಿದೆ, ನಿರಾಶೆಯಿದೆ. ಆದರೆ ನಾಲ್ಕು ಲಕ್ಷದ ಮುಂಗಡವಿಲ್ಲ. ಈ ವರ್ಷ ಸಿಗದಿದ್ದರೆ ಕಳೆದುಕೊಂಡದ್ದೇನೂ ಇಲ್ಲ. ಸಭಾಭವನಗಳನ್ನು ಕಟ್ಟಿ ನಿಲ್ಲಿಸಿದ ಮುಂಬಯಿ ಕನ್ನಡಿಗರಿಗೆ, ನಾಲ್ಕಾರು ಸಂಘಗಳು ಕೂಡಿ ಘಟ್ಟದ ತಪ್ಪಲಿನಲ್ಲೋ ಕರಾವಳಿಯಲ್ಲೋ ಹತ್ತು ಕೋಣೆಗಳ ಒಂದು ವಿಶ್ರಾಂತಿಧಾಮ ಕಟ್ಟುವುದು ಅಸಾಧ್ಯವೇನಲ್ಲ. ಅಲ್ಲಿ ಸರದಿಯ ಪುಸ್ತಕ ಸಂಘದ ಕಚೇರಿಯ ಮೇಜಿನ ಮೇಲೆ ತೆರೆದಿರಲಿ. ಯಾರು ಬೇಕಾದರೂ ಬಂದು ನೋಡಲಿ. ಸರದಿಯಲ್ಲಿ ಕಾಯುವುದು ಮುಂಬಯಿಗರಿಗೆ ಹೊಸದಲ್ಲ. ತನ್ನ ಮುಂದೆ ಎಷ್ಟು ಜನರಿದ್ದಾರೆಂಬುದು ಕಣ್ಣಿಗೆ ಕಾಣುತ್ತಿದ್ದರೆ ಆ ಕಾಯುವಿಕೆ ಯಾರಿಗೂ ಭಾರವಾಗದು.